ಬಾಗಿಲು ಹಾಕುವವರ ಸಾಲ

ಹಾಲಿನವನು ಬೆಲ್ ಒತ್ತಿದರೆ ನಮ್ಮ ಮನೆಯೊಳಗೆ ಏಳುವ ಮೊದಲ ಮಾತು "ಯಾರು?" ಅಂತಲ್ಲ, "ಗುಂಡ ಎಲ್ಲಿ?" ಅಂತ. ಗುಂಡ ನಮ್ಮ ನಾಯಿ. ಅಪ್ಪನ ಕಡೆಯಿಂದ ಪೊಮೆರೇನಿಯನ್, ಅಮ್ಮನ ಕಡೆಯಿಂದ ಬೀದಿ ಎಂದು ಕೊಟ್ಟವರು ಹೇಳಿದ್ದರು. ತೂಕ ಏಳು ಕೆ.ಜಿ. ಬಾಗಿಲು ಒಂದು ಗೇಣು ತೆರೆದರೆ ಸಾಕು, ಕಾಲುಗಳ ನಡುವೆ ನುಸುಳಿ, ಮೆಟ್ಟಿಲು ಹಾರಿ, ಬೀದಿಯಲ್ಲಿರುತ್ತಾನೆ. ಅರಸೀಕೆರೆಯಲ್ಲಿ ನಮ್ಮ ಮನೆ ಇರುವುದು ಬಿ.ಎಚ್. ರಸ್ತೆಗೆ ಸೇರುವ ಅಡ್ಡಬೀದಿಯೊಂದರಲ್ಲಿ. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ರಸ್ತೆ ಅದು. ಕೊಬ್ಬರಿ ಮೂಟೆ ಹೇರಿಕೊಂಡ ಲಾರಿಗಳು, ಶಿವಮೊಗ್ಗದ ಬಸ್ಸುಗಳು, ಅವುಗಳ ನಡುವೆ ತೂರುವ ಬೈಕುಗಳು. ಮನೆಯಿಂದ ಅಲ್ಲಿಗೆ ಗುಂಡನ ಓಟದಲ್ಲಿ ಹತ್ತು ಸೆಕೆಂಡು.

ಹಾಗಾಗಿ ಬಾಗಿಲು ಹಾಕುತ್ತೇವೆ. ಇದರಲ್ಲಿ ಯೋಚಿಸುವಂಥದ್ದು ಏನಿದೆ ಎಂದು ನಾನೂ ಬಹಳ ದಿನ ಅಂದುಕೊಂಡಿದ್ದೆ.

ಕಳೆದ ಶ್ರಾವಣದಲ್ಲಿ ಒಂದು ದಿನ ಸಿಲಿಂಡರ್ ತಂದವನಿಗೆ ಬಾಗಿಲು ತೆಗೆದೆ. ಗುಂಡ ಹೋದ. ಮಗಳು ಚಪ್ಪಲಿಯನ್ನೂ ಹಾಕದೆ ಹಿಂದೆ ಓಡಿದಳು. ಅವಳು ಓಡಿದಷ್ಟೂ ಅವನಿಗೆ ಆಟ, ಇನ್ನೂ ಜೋರಾಗಿ ಓಡಿದ. ಲಾರಿಯೊಂದು ಬ್ರೇಕು ಹಾಕಿದ ಸದ್ದು ನಮ್ಮ ಅಡುಗೆಮನೆಯವರೆಗೆ ಕೇಳಿಸಿತು. ನಾನು ತಲುಪುವಷ್ಟರಲ್ಲಿ ಮಗಳು ರಸ್ತೆಯಂಚಿನಲ್ಲಿ ನಿಂತು ನಡುಗುತ್ತಿದ್ದಳು, ಡ್ರೈವರು ನಮ್ಮ ವಂಶವನ್ನೆಲ್ಲ ಬೈಯುತ್ತಿದ್ದ. ಗುಂಡ ಮಾತ್ರ ಆಚೆ ಬದಿಯ ಟೀ ಅಂಗಡಿಯ ಹತ್ತಿರ ಏನನ್ನೋ ಮೂಸುತ್ತಿದ್ದ. ಮೂಸಿ ಮುಗಿದ ಮೇಲೆ ತಾನಾಗಿಯೇ ಬಾಲ ಆಡಿಸಿಕೊಂಡು ನನ್ನ ಬಳಿ ಬಂದ. ಬಂದವನಿಗೆ ನಾನು ಎರಡು ಬಿಗಿದೆ. ಅದು ಸಿಟ್ಟಲ್ಲ, ಭಯ. ಆದರೆ ಏಟಿಗೆ ಆ ವ್ಯತ್ಯಾಸ ಗೊತ್ತಿರುವುದಿಲ್ಲ.

ಮುಂದಿನ ಸಲ ತಪ್ಪಿಸಿಕೊಂಡಾಗ ಗುಂಡ ರಾತ್ರಿ ಒಂಬತ್ತರವರೆಗೆ ಬರಲಿಲ್ಲ. ಕರೆದರೆ ದೂರದಲ್ಲಿ ನಿಂತು ನೋಡುತ್ತಿದ್ದ, ಹೆಜ್ಜೆ ಮುಂದಿಟ್ಟರೆ ಹಿಂದೆ ಸರಿಯುತ್ತಿದ್ದ. ಕೊನೆಗೆ ಅವನನ್ನು ತಂದುಕೊಟ್ಟವರು ನಮ್ಮ ಪಕ್ಕದ ಮನೆಯ ಯಜಮಾನರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಕ್ವಾರ್ಟರ್ಸಿನಲ್ಲಿದ್ದಷ್ಟು ಕಾಲವೂ, ಹಳಿಯ ಪಕ್ಕದಲ್ಲೇ, ನಾಯಿ ಸಾಕಿದವರು. ಅವರು ಗುಂಡನನ್ನು ಅಟ್ಟಿಸಿಕೊಂಡು ಹೋಗಲಿಲ್ಲ. ಅವನಿಗೆ ಬೆನ್ನು ಮಾಡಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಸುಮ್ಮನೆ ಮಣ್ಣು ಕೆದಕುತ್ತಿದ್ದರಂತೆ. ಏನಿದೆ ಎಂದು ನೋಡಲು ಗುಂಡನೇ ಬಂದ. ನಾನು ಹಿಂದಿನ ಸಲದ ಕತೆ ಹೇಳಿದೆ. ಅವರು ನಕ್ಕು ಅಂದರು: "ಮೇಡಂ, ಅದು ಹೋಗಿದ್ದಕ್ಕೆ ನೀವು ಹೊಡೀಲಿಲ್ಲ. ಬಂದಿದ್ದಕ್ಕೆ ಹೊಡೆದ್ರಿ."

ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನನಗೆ ಯಾರೂ ಇಷ್ಟು ಚೊಕ್ಕವಾಗಿ ಪಾಠ ಹೇಳಿರಲಿಲ್ಲ.

ಆ ಮಾತಿನಿಂದಲೇ ನಾನು ಬಾಗಿಲಿನ ಬಗ್ಗೆ ಯೋಚಿಸಲು ಶುರುಮಾಡಿದ್ದು. ಇನ್ನೊಂದು ಜೀವವನ್ನು ಅದರ ಒಳ್ಳೆಯದಕ್ಕೇ ಎಂದು ತಡೆದು ನಿಲ್ಲಿಸುವ ಅಧಿಕಾರ ನಮಗೆ ಎಲ್ಲಿಂದ ಬಂತು? ಬಂದಿದ್ದರೂ ಅದು ಪುಕ್ಕಟೆಯೇ?

ತತ್ತ್ವಶಾಸ್ತ್ರದ ತರಗತಿಗಳಲ್ಲಿ ಇದಕ್ಕೆ ಒಂದು ಸಿದ್ಧ ಉದಾಹರಣೆ ಇದೆ. ಜಾನ್ ಸ್ಟುವರ್ಟ್ ಮಿಲ್ 1859ರ 'ಆನ್ ಲಿಬರ್ಟಿ'ಯಲ್ಲಿ ಕೊಟ್ಟದ್ದು. ಒಬ್ಬ ಮನುಷ್ಯ ಮುರಿದು ಬೀಳುವಂತಿರುವ ಸೇತುವೆ ಹತ್ತಲು ಹೊರಟಿದ್ದಾನೆ, ಕೂಗಿ ಹೇಳುವಷ್ಟೂ ಸಮಯವಿಲ್ಲ. ಆಗ ಅವನನ್ನು ಹಿಡಿದು ಹಿಂದಕ್ಕೆಳೆದರೆ ಅವನ ಸ್ವಾತಂತ್ರ್ಯಕ್ಕೆ ಧಕ್ಕೆಯಾಗಲಿಲ್ಲ. ಯಾಕೆಂದರೆ ಅವನಿಗೆ ಬೇಕಾಗಿದ್ದದ್ದು ಆಚೆ ದಡ, ಹೊಳೆಯಲ್ಲ. ಗುಂಡನ ವಿಷಯಕ್ಕೂ ಇದು ಸರಿಹೊಂದುತ್ತದೆ ಅನ್ನಿಸುತ್ತದೆ. ಅವನಿಗೆ ಬೇಕಾದದ್ದು ಟೀ ಅಂಗಡಿಯ ವಾಸನೆ, ಲಾರಿಯ ಚಕ್ರವಲ್ಲ. ಆದರೆ ಮಿಲ್ ಅಲ್ಲಿಗೇ ನಿಲ್ಲಿಸುವುದಿಲ್ಲ. ಅಪಾಯ ಖಚಿತವಲ್ಲದೆ ಬರೀ ಸಂಭವ ಮಾತ್ರವಾಗಿದ್ದರೆ, ಎಚ್ಚರಿಕೆ ಹೇಳಿ ಬಿಟ್ಟುಬಿಡಬೇಕು, ಮುಂದಿನದು ಆ ಮನುಷ್ಯನಿಗೆ ಸೇರಿದ್ದು ಎನ್ನುತ್ತಾನೆ. ಮಕ್ಕಳಿಗೂ ಬುದ್ಧಿ ಸ್ಥಿಮಿತದಲ್ಲಿಲ್ಲದವರಿಗೂ ಮಾತ್ರ ವಿನಾಯಿತಿ.

ಗುಂಡನಿಗೆ ಎಚ್ಚರಿಕೆ ಹೇಳುವುದು ಹೇಗೆ? ಲಾರಿ ಎಂದರೆ ಏನು ಎಂದು ಯಾವ ಭಾಷೆಯಲ್ಲಿ ತಿಳಿಸಲಿ? ಸೇತುವೆಯ ಮೇಲಿನ ಮನುಷ್ಯನನ್ನು ಒಂದು ಸಲ ಹಿಡಿದೆಳೆದರೆ ಮುಗಿಯಿತು, ಆಮೇಲೆ ಮಾತಿದೆ. ಗುಂಡನನ್ನು ದಿನವೂ, ಅವನ ಆಯುಷ್ಯವಿಡೀ ಹಿಡಿದೆಳೆಯುತ್ತಿರಬೇಕು. ಒಂದು ಕ್ಷಣದ ತುರ್ತಿಗೆ ಕೊಟ್ಟ ಅನುಮತಿಯನ್ನು ನಾವು ಹನ್ನೆರಡು ವರ್ಷದ ಗುತ್ತಿಗೆ ಮಾಡಿಕೊಂಡಿದ್ದೇವೆ.

ಇದಕ್ಕಿಂತ ಕಿರಿಕಿರಿಯ ಸಂಗತಿ ಇನ್ನೊಂದಿದೆ. ಅರಸೀಕೆರೆ ಜಂಕ್ಷನ್ನಿನ ಹೊರಗೆ ಆಟೋ ಸ್ಟ್ಯಾಂಡಿನ ಬಳಿ ನಿಂತು ಅಲ್ಲಿನ ನಾಯಿಗಳನ್ನು ನೋಡಿ. ರಸ್ತೆ ದಾಟುವಾಗ ಅಂಚಿನಲ್ಲಿ ನಿಲ್ಲುತ್ತವೆ, ತಲೆ ತಿರುಗಿಸುತ್ತವೆ, ಜನ ದಾಟುವಾಗ ಅವರ ಜೊತೆ ಸೇರಿಕೊಂಡು ದಾಟುತ್ತವೆ. ಕಲಿಯದವು ಸತ್ತಿರುತ್ತವೆ, ಅದನ್ನು ಮರೆಯಬಾರದು. ಬೀದಿಯ ಬದುಕನ್ನು ಸ್ವಾತಂತ್ರ್ಯವೆಂದು ಹಾಡಿ ಹೊಗಳುವ ಆಸೆ ನನಗಿಲ್ಲ, ಹಸಿವು ಕಜ್ಜಿಗಳ ನಡುವಿನ ಬದುಕು ಅದು. ಆದರೆ ಆ ಬುದ್ಧಿ ಗುಂಡನಿಗೆ ಯಾಕಿಲ್ಲ? ಅವನಮ್ಮನಿಗೆ ಇತ್ತಲ್ಲ. ನಾವು ಬಾಗಿಲು ಹಾಕಿದ್ದರಿಂದ ಅವನಿಗೆ ರಸ್ತೆ ತಿಳಿಯಲಿಲ್ಲ, ರಸ್ತೆ ತಿಳಿಯದ್ದರಿಂದ ಬಾಗಿಲು ಹಾಕಬೇಕಾಗಿದೆ. ನಾವೇ ಮಾಡಿದ ಅಸಹಾಯಕತೆಯನ್ನು ನಮ್ಮ ಅಧಿಕಾರಕ್ಕೆ ಕಾರಣವಾಗಿ ತೋರಿಸುತ್ತಿದ್ದೇವೆ. ಈ ವಾದವನ್ನು ನಾನು ಬೇರೆಡೆಯೂ ಕೇಳಿದ್ದೇನೆ. "ಹೆಣ್ಣುಮಕ್ಕಳಿಗೆ ಹೊರಗಿನ ಪ್ರಪಂಚ ಗೊತ್ತಿಲ್ಲ, ಅದಕ್ಕೇ ಕಳಿಸಲ್ಲ" ಎನ್ನುವುದನ್ನು ಕೇಳುತ್ತಲೇ ಬೆಳೆದವಳು ನಾನು.

ಅಕ್ಟೋಬರಿನಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಜಾವಗಲ್ ದಾರಿಯಾಗಿ ಹಳೇಬೀಡಿಗೂ ಅಲ್ಲಿಂದ ಬೇಲೂರಿಗೂ ಹೋಗಿದ್ದೆ. ಎಷ್ಟೋ ಸಲ ಹೋದ ಜಾಗಗಳೇ. ಈ ಸಲ ಮದನಿಕೆಯರನ್ನು ಬಿಟ್ಟು ಬಾಗಿಲುಗಳನ್ನೇ ನೋಡುತ್ತಿದ್ದೆ. (ಹಳೇಬೀಡನ್ನು ಹಿಂದೆ ದೋರಸಮುದ್ರ, ದ್ವಾರಸಮುದ್ರ ಎಂದು ಕರೆಯುತ್ತಿದ್ದದ್ದೂ ಅವತ್ತೇ ಹೊಸದಾಗಿ ನೆನಪಾಯಿತು.) ಹೊಯ್ಸಳೇಶ್ವರದ ದ್ವಾರಪಾಲಕರು ಮೈತುಂಬ ಒಡವೆ ಹೇರಿಕೊಂಡು ಬಾಗಿಲಿನ ಎರಡೂ ಬದಿಗೆ ನಿಂತಿದ್ದಾರೆ. ಅವರ ಮುಖ ಹೊರಗಡೆಗೆ. ಒಳಗೆ ಬರುವವರನ್ನು ನೋಡುವುದು ಅವರ ಕೆಲಸ, ಹೊರಗೆ ಹೋಗುವವರ ಗೊಡವೆ ಅವರಿಗಿಲ್ಲ. ನಾನು ನಮ್ಮ ಮನೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು, ಒಳಗೆ ಮುಖ ಮಾಡಿ, ಕಾಲು ಅಗಲಿಸಿ ನಿಲ್ಲುವುದು ನೆನಪಾಯಿತು. ಒಳಮುಖವಾಗಿ ನಿಂತ ಕಾವಲುಗಾರ ಇರುವುದು ಜೈಲಿನಲ್ಲಿ.

1117ರ ಬೇಲೂರು ಚೆನ್ನಕೇಶವನ ಗರ್ಭಗುಡಿಯ ಬಾಗಿಲಲ್ಲಿ ಇರುವವರು ಜಯ ವಿಜಯರು. ಅವರ ಕತೆ ಎಲ್ಲರಿಗೂ ಗೊತ್ತು, ಆದರೆ ಅದನ್ನು ಬಾಗಿಲು ಕಾಯುವವರ ಕತೆಯಾಗಿ ನಾನು ಓದಿರಲಿಲ್ಲ. ಸನಕಾದಿಗಳು ನೋಡಲು ಎಳೆಯ ಮಕ್ಕಳಂತಿದ್ದರು. ಈ ಹುಡುಗರಿಗೆ ಒಳಗೇನು ಕೆಲಸ ಎಂದು ಇಬ್ಬರೂ ತಡೆದರು. ಶಾಪ ಬಂತು, ಮೂರು ಜನ್ಮ ಕಳೆಯಬೇಕಾಯಿತು. ಅವರು ಕರ್ತವ್ಯ ಬಿಟ್ಟವರಲ್ಲ, ಮಾಡಿದವರು. ಎದುರಿಗಿರುವವರು ಚಿಕ್ಕವರು ಎಂಬುದಷ್ಟೇ ಅವರ ಕಣ್ಣಿಗೆ ಬಿತ್ತು, ಏನು ಬೇಕಾಗಿ ಬಂದಿದ್ದಾರೆ ಎಂದು ನೋಡಲಿಲ್ಲ. ಆ ಇಬ್ಬರಲ್ಲಿ ಒಬ್ಬ ಹಿರಣ್ಯಕಶಿಪುವಾಗಿ ಹುಟ್ಟಿ ಕೊನೆಗೆ ಪ್ರಾಣ ಬಿಟ್ಟದ್ದು, ನೆನಪಿಸಿಕೊಳ್ಳಿ, ಹೊಸ್ತಿಲ ಮೇಲೆ.

ಹಾಗಾದರೆ ಬಾಗಿಲು ತೆರೆದೇ ಇಡೋಣವೇ ಎಂದು ಒಬ್ಬ ಹುಡುಗ ಬಸ್ಸಿನಲ್ಲಿ ಕೇಳಿದ. ನಾಯಿಯನ್ನು ಬಿಟ್ಟು ಕೊಂಡಾಡಿದ ನಮ್ಮ ಒಂದು ಹಳೆಯ ಕತೆಯನ್ನು ಅವನಿಗೆ ಹೇಳಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದ್ದು. ಹತ್ತನೆಯ ಶತಮಾನದಲ್ಲಿ, ತಕ್ಕೋಲದ ಯುದ್ಧದ ಹೊತ್ತು. ಗಂಗರ ಬೂತುಗನ ಬಂಟ ಮಣಲೆರನ ಪರಾಕ್ರಮಕ್ಕೆ ಒಡೆಯ ಮೆಚ್ಚಿ, ಏನು ಬೇಕು ಕೇಳು ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದನ್ನು ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೆರ ಕಲ್ಲು ನಿಲ್ಲಿಸಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ನಾಯಿ ಹಂದಿ ಸೆಣಸುತ್ತಿರುವ ಕೆತ್ತನೆಯ ಸಮೇತ. ನಾಯಿಯ ಹೆಸರನ್ನು ಸಾವಿರ ವರ್ಷ ಉಳಿಸಿದ ಪ್ರೀತಿ ಅದು, ಸಣ್ಣದಲ್ಲ. ಆದರೂ ಬಿಡುವುದು ಕಾಳಿಯ ತೀರ್ಮಾನವಾಗಿರಲಿಲ್ಲ, ಹಿಡಿದಿಡುವುದು ಗುಂಡನ ತೀರ್ಮಾನವಲ್ಲದ ಹಾಗೆಯೇ. ಹಗ್ಗದ ತುದಿ ಯಾವಾಗಲೂ ನಮ್ಮ ಕೈಯಲ್ಲೇ. ಅದನ್ನು ಬಿಸಾಡಿ ನಿರಾಳವಾಗುವ ದಾರಿ, ಸಾಕಿದ ಮೇಲೆ, ನಮಗಿಲ್ಲ.

ಉಳಿಯುವುದು ಸಾಲ. ನಮ್ಮ ಕಾನೂನು ಕೂಡ ಅದನ್ನೇ ಒರಟಾಗಿ ಹೇಳುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನ ಪ್ರಕಾರ, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದು ಅಪರಾಧ. ಕಟ್ಟಬೇಡ ಎನ್ನುವುದಿಲ್ಲ, ಕಟ್ಟಿದರೆ ಇಷ್ಟು ಕೊಡಬೇಕು ಎನ್ನುತ್ತದೆ. ನಾನು ಒಂದು ವರ್ಷದಲ್ಲಿ ಎಷ್ಟು ಕೊಟ್ಟಿದ್ದೆ ಎಂದು ಲೆಕ್ಕ ಹಾಕಿದೆ. ಟೆರೇಸು ಬಿಟ್ಟರೆ, ವಾರಕ್ಕೆ ಎರಡು ಸಲ ಬೀದಿಯ ತುದಿಯವರೆಗೆ. ಅಪರೂಪಕ್ಕೊಮ್ಮೆ ತೆರೆಯುವ ಬಾಗಿಲಿನಿಂದ ಓಡದೆ ಇನ್ನೇನು ಮಾಡಿಯಾನು?

ಪಕ್ಕದ ಮನೆಯವರು ಹೇಳಿಕೊಟ್ಟ ಪದ್ಧತಿ ಬಹಳ ಸರಳ, ಬಹಳ ಬೇಸರದ್ದು. ಕೊರಳಿಗೆ ಬೆಲ್ಟು ಹಗ್ಗ ಹಾಕಿ ಬಾಗಿಲ ಬಳಿ ಕೂರಿಸಿ, ಚಿಲಕದ ಮೇಲೆ ಕೈ ಇಡಬೇಕು. ಎದ್ದನೋ, ಕೈ ತೆಗೆಯಬೇಕು. ಕೂತನೋ, ಮತ್ತೆ ಕೈ. ಬಾಗಿಲು ಎರಡು ಬೆರಳು ತೆರೆ. ನುಗ್ಗಿದರೆ, ಮೂತಿಗೆ ತಾಗದಂತೆ ಮುಚ್ಚು. ಬೈಯುವಂತಿಲ್ಲ. ಪೂರ್ತಿ ತೆರೆದಾಗಲೂ ಕೂತಿದ್ದರೆ "ನಡಿ" ಎಂದು ಹೇಳಿ ಕರೆದುಕೊಂಡು ಹೋಗಬೇಕು. "ಕೂರಿಸಿ ಕೂರಿಸಿ ಒಳಗೇ ಬಿಟ್ರೆ ಅದು ಯಾಕೆ ಕೂರುತ್ತೆ ಮೇಡಂ? ಹೊರಗೆ ಹೋಗ್ತೀನಿ ಅಂತ ಅದಕ್ಕೆ ನಂಬಿಕೆ ಬರಬೇಕು" ಎಂದರು. ಮೊದಲ ದಿನ ಬೀದಿಗಿಳಿಯಲು ನಲವತ್ತು ನಿಮಿಷ ಹಿಡಿಯಿತು. ತಿಂಗಳೂವರೆಯ ಮೇಲೆ, ಹಾಲಿನವನು ಬಂದಾಗ ಗುಂಡ ಹೊಸ್ತಿಲಿಗೆ ಒಂದು ಅಡಿ ಒಳಗೆ ಕೂತ. ಬೆಕ್ಕು ಕಂಡ ದಿನ ಈಗಲೂ ಕೂರುವುದಿಲ್ಲ, ಆ ಕೆಳಗಿನ ಚಿಲಕವನ್ನು ನಾನೂ ತೆಗೆಸಿಲ್ಲ.

ಇದೂ ವಿಧೇಯತೆಯೇ ಅಲ್ಲವೇ, ಚಿಲಕವನ್ನು ಬಾಗಿಲಿನಿಂದ ತೆಗೆದು ಅವನ ತಲೆಯೊಳಗೆ ಜಡಿದದ್ದಷ್ಟೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ದಿನಾ ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಮಾತು ಉಳಿಸಿಕೊಂಡರೆ ಅಲ್ಲ, ಉಳಿಸಿಕೊಳ್ಳದಿದ್ದರೆ ಹೌದು ಎಂಬುದು ಸದ್ಯಕ್ಕೆ ನನ್ನ ಉತ್ತರ. ಅವನು ಕೂತಿರುವುದು ನನ್ನ ಮಾತಿನ ಮೇಲೆ. ಮಳೆ ಬಂದ ದಿನ, ಜ್ವರ ಬಂದ ದಿನ, ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲಿರುವ ದಿನ ಆ ಮಾತು ಭಾರವಾಗುತ್ತದೆ. ಒಂದೆರಡು ಸಲ ತಪ್ಪಿಸಿದ್ದೇನೆ. ಮಾರನೆಯ ದಿನ ಅವನು ಕೂರಲು ಹೆಚ್ಚು ಹೊತ್ತು ತೆಗೆದುಕೊಂಡ.

ಮಗಳು ಈ ಜೂನ್‌ನಿಂದ ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ಕಳಿಸುವುದಕ್ಕೆ ಮುಂಚೆ ಮನೆಯಲ್ಲಿ ಏನೇನು ಮಾತಾಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹೋದ ವಾರ ರಾತ್ರಿಯ ರೈಲಿಗೆ ಬಂದಳು. ಹನ್ನೊಂದಕ್ಕೆ ಮನೆಯಲ್ಲಿರಬೇಕಾದವಳು ಬಂದಾಗ ಒಂದೂಕಾಲು. ಫೋನು ಸ್ವಿಚ್ ಆಫ್. ಗೇಟಿನ ಸದ್ದಾದಾಗ ನನ್ನ ಬಾಯಲ್ಲಿ ಎರಡು ಗಂಟೆಯಿಂದ ಕಾಯಿಸಿಟ್ಟ ಮಾತುಗಳಿದ್ದವು. ಬಾಗಿಲು ತೆರೆದೆ. ಗುಂಡ ತನ್ನ ಜಾಗದಲ್ಲಿ ಕೂತು, ಮೈಯೆಲ್ಲ ಅಲುಗಾಡಿಸುತ್ತ, ನನ್ನ ಮುಖ ನೋಡುತ್ತಿದ್ದ. ಅವಳೂ ಹೊಸ್ತಿಲ ಆಚೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

"ಸಾರು ಬಿಸಿ ಮಾಡ್ತೀನಿ, ಕೈಕಾಲು ತೊಳ್ಕೊಂಡು ಬಾ" ಅಂದೆ.