ಕಾಯಂ ವಿಳಾಸ

ಮಸ್ಕತ್‌ನಲ್ಲಿರುವ ತಂಗಿಗೆ ಹೆರಿಗೆಯ ದಿನ ಹತ್ತಿರ ಬರುತ್ತಿತ್ತು. ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕಾದವನು ನಾನು. ಟಿಕೆಟ್ ನೋಡಲು ಕೂತಾಗ ಗೊತ್ತಾಯಿತು, ನನ್ನ ಪಾಸ್‌ಪೋರ್ಟಿನ ಹತ್ತು ವರ್ಷ ಮುಗಿಯುತ್ತಾ ಬಂದಿದೆ. ನಾವೆಲ್ಲ ರಿನ್ಯೂವಲ್ ಅನ್ನುತ್ತೇವೆ; ಅರ್ಜಿಯಲ್ಲಿ ಅದರ ಹೆಸರು ರೀ-ಇಶ್ಯೂ. 36 ಪುಟದ ಪುಸ್ತಕಕ್ಕೆ 1500 ರೂಪಾಯಿ. ಆನ್‌ಲೈನಿನಲ್ಲಿ ತುಂಬುತ್ತಾ ಹೋದೆ. ಈಗ ಇರುವ ವಿಳಾಸ ಯಾವುದು, ಕಾಯಂ ವಿಳಾಸವೂ ಅದೇನಾ ಎಂಬ ಪ್ರಶ್ನೆ ಬಂದಾಗ ಕೈ ನಿಂತಿತು.

ನಾನು ಬ್ಯಾಂಕ್ ನೌಕರ. ಮೂರು ವರ್ಷ ವಿಶಾಖಪಟ್ಟಣದ ಎಂವಿಪಿ ಕಾಲೊನಿಯಲ್ಲಿದ್ದೆ. ವರ್ಗವಾಗಿ ವಿಜಯವಾಡಕ್ಕೆ ಬಂದು, ಪಟಮಟದಲ್ಲಿ ಬಾಡಿಗೆ ಮನೆ ಹಿಡಿದು ಹದಿನಾಲ್ಕು ತಿಂಗಳಾಗಿತ್ತು. ಅಮ್ಮ ಇರುವುದು ಮಲೆನಾಡಿನ ನಮ್ಮೂರಿನಲ್ಲಿ. ಹಳೆಯ ಪಾಸ್‌ಪೋರ್ಟಿನಲ್ಲೂ ಆಧಾರ್‌ನಲ್ಲೂ ಇರುವುದು ಅದೇ ವಿಳಾಸ. "ಊರಿನದ್ದೇ ಕೊಟ್ಟುಬಿಡಿ, ತಲೆನೋವಿಲ್ಲ" ಎಂದರು ಗೆಳೆಯರು. 2018ರಿಂದ ದೇಶದ ಯಾವ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಾದರೂ ಅರ್ಜಿ ಹಾಕಬಹುದು. ಪೊಲೀಸ್ ವೆರಿಫಿಕೇಷನ್ ನಡೆಯುವುದು ಮಾತ್ರ ಅರ್ಜಿಯಲ್ಲಿ ಬರೆದ ವಿಳಾಸದಲ್ಲಿ.

ಹತ್ತು ವರ್ಷದ ಹಿಂದೆ ನಾನು ಮಾಡಿದ್ದೂ ಅದನ್ನೇ. ಆಗ ಹೈದರಾಬಾದಿನಲ್ಲಿದ್ದೆ. ರಜೆಯಲ್ಲಿ ಊರಿಗೆ ಹೋಗಿ ಅರ್ಜಿ ಹಾಕಿ ವಾಪಸಾಗಿದ್ದೆ. ವಿಚಾರಿಸಲು ಬಂದವರಿಗೆ ಅಮ್ಮ, "ಇಲ್ಲೇ ಇರೋದು, ಪೇಟೆಗೆ ಹೋಗಿದಾನೆ" ಎಂದು ಹೇಳಿ ಕಾಫಿ ಕೊಟ್ಟು ಕಳಿಸಿದ್ದಳು. ಆ ರಾತ್ರಿ ಫೋನಿನಲ್ಲಿ, "ಸುಳ್ಳು ಹೇಳಿಸಿಬಿಟ್ಯಲ್ಲೋ" ಎಂದಳು. ನಾನು ನಕ್ಕಿದ್ದೆ.

ಅದು ಸುಳ್ಳೇ? ಕನ್ನಡದಲ್ಲಿ ನಾವು ಎರಡು ಪ್ರಶ್ನೆ ಕೇಳುತ್ತೇವೆ: ನಿಮ್ಮದು ಯಾವೂರು? ಈಗ ಎಲ್ಲಿದ್ದೀರಿ? ಮೊದಲನೆಯದಕ್ಕೆ ಅಮ್ಮ ಕೊಟ್ಟದ್ದು ಸರಿಯಾದ ಉತ್ತರ. ನನ್ನ ಮಂಚ, ನನ್ನ ತಟ್ಟೆ ಇನ್ನೂ ಅಲ್ಲೇ ಇವೆ. ಆದರೆ ಬಂದವರು ಕೇಳಿದ್ದು ಎರಡನೆಯದನ್ನು. ಊರಿನ ಮೇಲಿನ ಪ್ರೀತಿಗೆ ಪಾಸ್‌ಪೋರ್ಟಿನಲ್ಲಿ ಬೇರೆ ಜಾಗವೇ ಇದೆ, ಹುಟ್ಟಿದ ಸ್ಥಳ ಎಂಬ ಕಾಲಂ. ಮೆಕ್ಸಿಕೊ ದೇಶ ಹೊರಗೆ ದುಡಿಯುವ ತನ್ನ ಪ್ರಜೆಗಳಿಗೆ ಕೊಡುವ ಮಾತ್ರಿಕುಲಾ ಕಾನ್ಸುಲರ್ ಎಂಬ ಗುರುತಿನ ಚೀಟಿಯಲ್ಲೂ ಹೀಗೆಯೇ: ಹುಟ್ಟಿದ ಊರೂ ಇರುತ್ತದೆ, ಪರದೇಶದಲ್ಲಿ ಈಗಿರುವ ಮನೆಯ ವಿಳಾಸವೂ ಇರುತ್ತದೆ. ಒಂದು ಇನ್ನೊಂದರ ಜಾಗದಲ್ಲಿ ಕೂರುವುದಿಲ್ಲ.

1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಸುಳ್ಳು ಮಾಹಿತಿಗೆ ಶಿಕ್ಷೆ ಇದೆ. ನನ್ನನ್ನು ಕಾಡಿದ್ದು ಅದಲ್ಲ. ವಿಶಾಖಪಟ್ಟಣದ ಶಾಖೆಯಲ್ಲಿ ಒಮ್ಮೆ ಶ್ರೀಕಾಕುಳಂ ಕಡೆಯ ಕಟ್ಟಡ ಕೆಲಸದವನೊಬ್ಬ ಖಾತೆ ತೆರೆಯಲು ಬಂದಿದ್ದ. ಆಧಾರ್‌ನಲ್ಲಿ ಹಳ್ಳಿಯ ವಿಳಾಸ. ಈಗ ಇರುವುದು ಸೈಟಿನ ಶೆಡ್ಡಿನಲ್ಲಿ ಎಂದು ಇದ್ದದ್ದನ್ನೇ ಹೇಳಿದ. ಇಲ್ಲಿನ ಪುರಾವೆ ತಾ ಎಂದು ವಾಪಸ್ ಕಳಿಸಿದೆ. ಈಗಿನ ವಿಳಾಸವನ್ನು ಸ್ವಂತ ಘೋಷಣೆಯಲ್ಲಿ ಬರೆದುಕೊಡಲು ನಿಯಮದಲ್ಲಿ ದಾರಿಯಿತ್ತು. ಕ್ಯೂ ಉದ್ದವಿತ್ತು, ನಾನು ಹುಡುಕಲಿಲ್ಲ. ಅವನು ಮತ್ತೆ ಬರಲಿಲ್ಲ. ನಿಜ ಹೇಳಿದವನು ಬರಿಗೈಲಿ ಹೋದ; ಸುಳ್ಳು ಹೇಳಿಸಿದ ನನ್ನ ಜೇಬಿನಲ್ಲಿ ಪಾಸ್‌ಪೋರ್ಟ್ ಇತ್ತು. ಊರು, ಅಮ್ಮ, ಕಾಫಿ ಇರುವವನಿಗೆ ಸುಳ್ಳೂ ಸಲೀಸು. ಅದು ಯಾರಿಗೂ ನಷ್ಟ ಮಾಡದ ಸುಳ್ಳು ಎಂದು ನಾನು ಅಂದುಕೊಂಡಿದ್ದು ತಪ್ಪು. ನನಗೆ ಬೇಕಾದದ್ದನ್ನು ಅಮ್ಮನ ಬಾಯಲ್ಲಿ ಹೇಳಿಸಿದ್ದೆ, ಅಷ್ಟು ಸಾಕಲ್ಲವೇ ನಷ್ಟಕ್ಕೆ?

ಪಟಮಟದ ವಿಳಾಸವನ್ನೇ ಬರೆದೆ. ವಿಜಯವಾಡದ ಸೇವಾ ಕೇಂದ್ರದಲ್ಲಿ ಎ, ಬಿ, ಸಿ ಕೌಂಟರುಗಳು ಬೇಗ ಮುಗಿದವು. ತೊಡಕಾದದ್ದು ಮನೆಯಲ್ಲಿ. ವೆರಿಫಿಕೇಷನ್‌ಗೆ ಬಂದಾಗ ನಾನು ಬ್ಯಾಂಕಿನಲ್ಲಿದ್ದೆ, ಬಾಗಿಲಿಗೆ ಬೀಗ. ಮನೆ ಮಾಲೀಕರು ಇರುವುದು ಬೇರೆ ಊರಿನಲ್ಲಿ. ಮಹಡಿಯ ಮನೆಯಾಕೆಯನ್ನು ಕೇಳಿದರಂತೆ, ಇಂಥವರು ಇಲ್ಲಿದ್ದಾರಾ ಎಂದು. ಆಕೆ "ತೆಲೀದಂಡಿ" ಎಂದರಂತೆ. ವರದಿ ನನ್ನ ವಿರುದ್ಧ ಹೋಯಿತು.

ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಆಕೆ ಹೇಳಿದ್ದು ಅಕ್ಷರಶಃ ನಿಜ. ಆಕೆಗೆ ನನ್ನ ಹೆಸರು ಗೊತ್ತಿರಲಿಲ್ಲ. ನನಗೂ ಆಕೆಯದು ಗೊತ್ತಿರಲಿಲ್ಲ. ನಾನು ಇರದ ಊರಿನಲ್ಲಿ, ಇದ್ದೇನೆ ಎನ್ನಲು ಇಡೀ ಕೇರಿಯೇ ಸಿದ್ಧ. ಇರುವ ಊರಿನಲ್ಲಿ ಹಾಗೆನ್ನಲು ಒಬ್ಬರೂ ಇಲ್ಲ. ಬಾಡಿಗೆ ಕರಾರು, ಕರೆಂಟ್ ಬಿಲ್ಲು ಎಲ್ಲ ಇತ್ತು, ನಿಜ. ಆದರೆ ಕಾಗದ ಹೇಳಲಾಗದ ಒಂದನ್ನು ಆ ವೆರಿಫಿಕೇಷನ್ ಕೇಳುತ್ತಿತ್ತು: ಇಲ್ಲಿ ನಿನ್ನನ್ನು ಬಲ್ಲವರು ಯಾರು? ಹೊರಗಿನವರು ಎಂದು ಊರು ನಮ್ಮನ್ನು ದೂರ ಇಡುತ್ತದೆ ಎಂದು ನಾವು ಗೊಣಗುವುದುಂಟು. ಹದಿನಾಲ್ಕು ತಿಂಗಳು ಮಹಡಿ ಮೆಟ್ಟಿಲು ಹತ್ತದವನು ನಾನು.

ಆ ಭಾನುವಾರ ಹತ್ತಿದೆ. ಆಕೆಯ ಗಂಡ ರೈಲ್ವೆಯಿಂದ ನಿವೃತ್ತರಾದವರು. ಅರ್ಧ ತೆಲುಗು, ಅರ್ಧ ಹಿಂದಿಯಲ್ಲಿ ವಿಷಯ ಹೇಳಿದೆ. ಸಹಿ ಹಾಕುವ ಮೊದಲು ಅವರು ನನ್ನನ್ನು ಒಂದು ಗಂಟೆ ಕೂರಿಸಿಕೊಂಡರು: ಯಾವೂರು, ಮನೆಯಲ್ಲಿ ಯಾರ್ಯಾರು, ಅಡುಗೆ ಏನು ಮಾಡಿಕೊಳ್ಳುತ್ತೀರಿ. "ಗೊತ್ತಿಲ್ಲದವರಿಗೆ ಗೊತ್ತು ಅಂತ ಸಹಿ ಹಾಕೋಕಾಗಲ್ಲ, ಅದಕ್ಕೆ" ಎಂದರು. ನಾನು ಅಮ್ಮನಿಂದ ಕಸಿದುಕೊಂಡಿದ್ದು ಈ ಅವಕಾಶವನ್ನೇ ಎಂದು ಹೊಳೆಯಿತು.

ಮತ್ತೆ ವಿಚಾರಣೆಯಾಗಿ ಪಾಸ್‌ಪೋರ್ಟ್ ಕೈ ಸೇರುವ ಹೊತ್ತಿಗೆ ಮಗು ಹುಟ್ಟಿ ಹನ್ನೆರಡು ದಿನವಾಗಿತ್ತು. ಅಮ್ಮ ಮೊದಲ ಬಾರಿ ವಿಮಾನ ಹತ್ತಿದಳು, ಒಬ್ಬಳೇ, ಯಾರೋ ಬರೆದುಕೊಟ್ಟ ಚೀಟಿ ಹಿಡಿದು. ನಾನು ನಿಜ ಹೇಳಿದ್ದರ ಬೆಲೆ ಕೊಟ್ಟದ್ದೂ ಅವಳೇ. ಈ ಲೆಕ್ಕ ನನಗೆ ಇನ್ನೂ ಸರಿಹೊಂದಿಲ್ಲ. ಅವಳನ್ನೇ ಕೇಳಿದೆ, ಊರಿನ ವಿಳಾಸ ಕೊಡಬೇಕಿತ್ತಾ ಎಂದು. "ಅವರು ಬಂದು ಕೇಳಿದ್ರೆ ನಾನು ಮತ್ತೆ ಅದೇ ಹೇಳ್ತಿದ್ದೆ ಕಣೋ. ನೀನು ಹೇಳಿಸದೇ ಇದ್ದದ್ದು ಒಳ್ಳೇದಾಯ್ತು" ಎಂದಳು.

ಈಗ ಕೌಂಟರಿನಲ್ಲಿ ಯಾರಾದರೂ ವಿಳಾಸ ಹೇಳಲು ತಡವರಿಸಿದರೆ, ಸ್ವಂತ ಘೋಷಣೆಯ ಹಾಳೆಯನ್ನು ನಾನೇ ತೆಗೆದುಕೊಡುತ್ತೇನೆ.