ಹಗೆತನಕ್ಕೂ ಒಂದು ಎಲ್ಲೆ

ಬದುಕಿದ್ದಾಗ ನಮ್ಮನ್ನು ಕೊಲ್ಲಲು ಬಂದವನು ಸತ್ತ ಮೇಲೆ ಅವನಿಗೆ ನಾವು ಏನನ್ನಾದರೂ ಸಲ್ಲಿಸಬೇಕೆ? ಕ್ರಿ.ಪೂ. 5ನೆಯ ಶತಮಾನದ ಸೊಫೋಕ್ಲೀಸನ ‘ಏಜಾಕ್ಸ್’ ನಾಟಕ ಎತ್ತುವ ಪ್ರಶ್ನೆ ಇದು. ಇದೇ ನಾಟಕವನ್ನು ಆಧರಿಸಿ ಬಿ.ಎಂ.ಶ್ರೀಯವರು 1929ರಲ್ಲಿ ‘ಅಶ್ವತ್ಥಾಮನ್’ ರಚಿಸಿದರು.

ಟ್ರಾಯ್ ಯುದ್ಧದಲ್ಲಿ ಮಡಿದ ಅಕಿಲಿಸನ ಆಯುಧಗಳು ತನಗೆ ಸಿಗದೆ ಒಡಿಸ್ಯೂಸನ ಪಾಲಾದಾಗ ಏಜಾಕ್ಸ್ ಕೆರಳುತ್ತಾನೆ. ಸ್ವಪಕ್ಷದ ನಾಯಕರನ್ನೇ ಕೊಲ್ಲಲು ಇರುಳಲ್ಲಿ ಹೊರಡುತ್ತಾನೆ. ಅಥೇನಾ ದೇವಿ ಬುದ್ಧಿಭ್ರಮೆ ಕವಿಸಿದ್ದರಿಂದ ಅವನು ಕಡಿದದ್ದು ದನಕುರಿಗಳನ್ನು! ಭ್ರಮೆ ಹರಿದಾಗ ಅವಮಾನ ತಾಳದೆ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಹೆಣವನ್ನು ಹೂಳಕೂಡದೆಂದು ಮೆನೆಲಾಸ್ ಮತ್ತು ಅಗಮೆಮ್ನಾನ್ ಹಟ ಹಿಡಿಯುತ್ತಾರೆ.

ಆಗ ಸತ್ತವನ ಪರವಾಗಿ ನಿಲ್ಲುವವನು ಒಡಿಸ್ಯೂಸನೇ. ಹಗೆಯಿತ್ತೆಂಬುದನ್ನು ಅವನು ಮುಚ್ಚಿಡುವುದಿಲ್ಲ. ಆದರೆ ಅಕಿಲಿಸನ ನಂತರ ಇವನಂಥ ವೀರನಿರಲಿಲ್ಲ, ಇವನಿಗೆ ಮಣ್ಣು ನಿರಾಕರಿಸಿದರೆ ದೇವರ ಕಟ್ಟಳೆಯನ್ನೇ ಮುರಿದಂತೆ ಎನ್ನುತ್ತಾನೆ. ನಾಳೆ ತನಗೂ ಅದೇ ಮಣ್ಣು ಬೇಕೆಂಬ ಅರಿವೂ ಅವನಿಗುಂಟು. ಅನುಮತಿ ದೊರೆಯುತ್ತದೆ. ಏಜಾಕ್ಸನ ಮಲಸೋದರ ಟ್ಯೂಸರ್ ಅವನನ್ನು ಕೊಂಡಾಡುತ್ತಾನೆ. ಆದರೆ ಸತ್ತವನಿಗೆ ಒಪ್ಪಿತವಾಗಲಾರದೆಂದು ಹೆಣ ಮುಟ್ಟಲು ಮಾತ್ರ ಬಿಡುವುದಿಲ್ಲ. ಒಡಿಸ್ಯೂಸ್ ಅದನ್ನೂ ಒಪ್ಪಿ ಹೊರಟುಹೋಗುತ್ತಾನೆ.

ಇಲ್ಲಿ ಯಾರೂ ಯಾರನ್ನೂ ಅಪ್ಪಿಕೊಳ್ಳಲಿಲ್ಲ; ಆದರೂ ನ್ಯಾಯ ನಡೆಯಿತು. ವೈರಿಯನ್ನು ಪ್ರೀತಿಸುವುದು ಎಲ್ಲರಿಂದಾಗುವ ಮಾತಲ್ಲ. ಆದರೆ ಅವನಿಗೆ ಸಲ್ಲಬೇಕಾದ್ದನ್ನು ಸಲ್ಲಿಸಲು ಪ್ರೀತಿಯೇ ಬೇಕೆಂದಿಲ್ಲ. ಸಲ್ಲಿಸಿದ ಮೇಲೂ ಅವನ ಮನೆಯವರು ನಮ್ಮನ್ನು ದೂರವೇ ಇಟ್ಟಾರು. ಅದಕ್ಕೆ ಮುನಿಯದಿರುವುದೂ ಆ ನ್ಯಾಯದ ಒಂದು ಭಾಗವೇ.