ಜೇನಿನ ಬಕೆಟ್ಟು

ಅಮೆರಿಕದ ಅಲಾಸ್ಕ ರಾಜ್ಯದಲ್ಲಿ ಮಲದ ಬಕೆಟ್ಟಿಗೆ 'ಜೇನಿನ ಬಕೆಟ್ಟು' ಅಂತ ಹೆಸರು. ಐದು ಗ್ಯಾಲನ್ ಹಿಡಿಯುವ ಪ್ಲಾಸ್ಟಿಕ್ ಬಕೆಟ್ಟು, ಒಳಗೊಂದು ಚೀಲ, ಮೇಲೆ ಕೂರೋದಕ್ಕೆ ಒಂದು ಆಸನ. ಅದೇ ಕಕ್ಕಸು. ತುಂಬಿದಾಗ ಮನೆಯವರೇ ಯಾರಾದರೂ ಹೊತ್ತುಕೊಂಡು ಹೋಗಿ ಊರಿನ ತೊಟ್ಟಿಗೋ ಹೊರಗಿನ ಹೊಂಡಕ್ಕೋ ಸುರಿದು ಬರಬೇಕು. ಚೀಲ ಹರಿದರೆ ದಾರಿಯ ಮೇಲೆ. ಅದೇ ದಾರಿಯಲ್ಲಿ ಮಕ್ಕಳು ಆಡುತ್ತವೆ.

ಹೇಲನ್ನು ಜೇನು ಅನ್ನುವುದರಲ್ಲಿ ಒಂದು ತಮಾಷೆ ಇದೆ, ಒಪ್ಪೋಣ. ದಿನಾ ಹೊರುವವನು ಹಾಗೆ ನಕ್ಕರೆ ಅದು ಅವನ ಹಕ್ಕು. ಆದರೆ ಸರ್ಕಾರದ ಕಾಗದಗಳೂ ಅದೇ ಹೆಸರನ್ನು ಬರೆದುಕೊಂಡು ಹೋಗುವಾಗ ನಮಗೆ ನಗು ಬರುವುದಿಲ್ಲ. ಅಸ್ಪೃಶ್ಯನಿಗೆ 'ಹರಿಜನ' ಅಂತ ಹೆಸರಿಟ್ಟು ಕೇರಿಯನ್ನು ಇದ್ದಲ್ಲೇ ಬಿಟ್ಟ ದೇಶದವರು ನಾವು. ಸಿಹಿ ಮಾತು ಯಾರ ಬಾಯಿಂದ ಬರುತ್ತಿದೆ ಅನ್ನುವುದನ್ನು ನಾವು ಮೊದಲು ನೋಡುತ್ತೇವೆ.

ಈ ಊರುಗಳಲ್ಲಿರುವವರು ಬಹುಪಾಲು ಯೂಪಿಕ್, ಇನ್ಯೂಪಿಯಾಕ್ ಮೊದಲಾದ ಮೂಲನಿವಾಸಿಗಳು. ಅನೇಕ ಊರುಗಳಿಗೆ ರಸ್ತೆಯಿಲ್ಲ. ಸಣ್ಣ ವಿಮಾನದಲ್ಲೋ ದೋಣಿಯಲ್ಲೋ ಹೋಗಬೇಕು. ಮೂಲನಿವಾಸಿಗಳ ಮನೆಗೆ ನೀರು, ಕಕ್ಕಸು ಒದಗಿಸುವ ಕಾಯಿದೆಯನ್ನು ಅಮೆರಿಕ ಮಾಡಿದ್ದು 1959ರಲ್ಲಿ. ಅದಾಗಿ ಅರವತ್ತು ವರ್ಷ ದಾಟಿದ ಮೇಲೂ ಕೊಳಾಯಿ, ಒಳಚರಂಡಿ ಕಾಣದ ಊರುಗಳು ಅಲಾಸ್ಕದಲ್ಲಿ ಮೂವತ್ತರ ಆಸುಪಾಸು ಉಳಿದಿದ್ದವು.

ನೀರು ಅಂದ ಕೂಡಲೇ ನಮಗೆ ಕುಡಿಯುವುದು ನೆನಪಾಗುತ್ತದೆ. ಕಾಯಿಲೆ ಅಂದರೆ ಕೊಳಕು ನೀರಿನ ವಾಂತಿಭೇದಿ. ಮೇಷ್ಟ್ರುಗಳು ಮಕ್ಕಳಿಗೆ ಹೇಳಿಕೊಡುವುದೂ ಇಷ್ಟೇ. ಅಲಾಸ್ಕದ ಪಾಠ ಬೇರೆ. ನೀರು ಶುದ್ಧವಾಗಿದ್ದರೂ ಸಾಲದೆ ಹೋದರೆ ರೋಗ ಬರುತ್ತದೆ. ಹೊತ್ತು ತಂದ ನೀರನ್ನು ಯಾರೂ ಸುರಿದಾಡುವುದಿಲ್ಲ. ಒಂದೇ ಬೋಗುಣಿಯಲ್ಲಿ ಅಪ್ಪ ಕೈ ತೊಳೆದ ನೀರಲ್ಲೇ ಮಗು, ಮಗು ತೊಳೆದ ನೀರಲ್ಲೇ ಅಜ್ಜಿ. ಮನೆಗೆ ಕೊಳಾಯಿ ಕಡಿಮೆಯಿರುವ ಪ್ರದೇಶಗಳಲ್ಲಿ ನ್ಯುಮೋನಿಯಾ, ಚರ್ಮದ ಸೋಂಕುಗಳಿಂದ ಆಸ್ಪತ್ರೆ ಸೇರುವವರು ಹೆಚ್ಚು ಅಂತ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. 2016ರಲ್ಲಿ ಇನ್ನೊಂದು ಬಂತು. ಪಶ್ಚಿಮ ಅಲಾಸ್ಕದ ನಾಲ್ಕು ಊರುಗಳಿಗೆ ಕೊಳಾಯಿ ಬರುವ ಮುಂಚೆ ಒಬ್ಬ ಮನುಷ್ಯ ದಿನಕ್ಕೆ ಬಳಸುತ್ತಿದ್ದ ನೀರು ಸುಮಾರು 1.5 ಗ್ಯಾಲನ್, ಅಂದರೆ ಆರು ಲೀಟರೂ ಇಲ್ಲ. ಬಂದ ಮೇಲೆ 25 ಗ್ಯಾಲನ್ ದಾಟಿತು. ಉಸಿರಾಟದ, ಚರ್ಮದ, ಹೊಟ್ಟೆಯ ಸೋಂಕು ಮೂರೂ ಇಳಿದವು. ಹೊಸ ಔಷಧಿ ಏನೂ ಕಂಡುಹಿಡಿಯಬೇಕಾಗಿ ಬರಲಿಲ್ಲ.

ಹಾಗಾದರೆ ಕೊಳಾಯಿ ಯಾಕೆ ಹಾಕಲಿಲ್ಲ? ಇಲ್ಲಿಗೆ ಬಂದರೆ ಪ್ರಶ್ನೆ ಎಂಜಿನಿಯರನ ಕೈಬಿಟ್ಟು ನೀತಿಯ ಪ್ರಶ್ನೆಯಾಗುತ್ತದೆ. ಅಲ್ಲಿ ಮೂಲನಿವಾಸಿಗಳ ಆರೋಗ್ಯಕ್ಕೊಂದು ಇಂಡಿಯನ್ ಆರೋಗ್ಯ ಇಲಾಖೆ ಇದೆ. (ಕೊಲಂಬಸ್ ದಾರಿ ತಪ್ಪಿದ ತಪ್ಪಿಗೆ ಆ ಜನ ಇವತ್ತಿಗೂ 'ಇಂಡಿಯನ್ನರು'!) ಅದು ಮನೆಯೊಂದಕ್ಕೆ ಇಷ್ಟು ಖರ್ಚು ಅಂತ ಮಿತಿ ಹಾಕಿತ್ತು. ಮಿತಿ ಮೀರುವ ಯೋಜನೆಯ ಮೇಲೆ 'ಆರ್ಥಿಕವಾಗಿ ಕಾರ್ಯಸಾಧ್ಯವಲ್ಲ' ಎಂಬ ಷರಾ. ನಮ್ಮ ಸಂತೆಯ ಮಾತಲ್ಲಿ ಹೇಳೋದಾದರೆ, ಗಿಟ್ಟೋದಿಲ್ಲ.

ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ, ಪೈಪು ಹೂಳಲಾಗದು, ಮೇಲೆ ಹಾಕಿದರೆ ನೀರು ಕಲ್ಲಾಗದಂತೆ ಬಿಸಿ ಮಾಡಿ ಸುತ್ತಿಸುತ್ತಿರಬೇಕು. ಇದೆಲ್ಲ ನಿಜ. ಇದನ್ನು ಸುಳ್ಳು ಅಂತ ನಾವು ವಾದಿಸುವುದಿಲ್ಲ. ಆದರೆ ಅದೇ ಅಲಾಸ್ಕದಲ್ಲಿ 1968ರಲ್ಲಿ ಎಣ್ಣೆ ಸಿಕ್ಕಿತು. 1971ರ ಕಾಯಿದೆಯಿಂದ ಮೂಲನಿವಾಸಿಗಳ ಪೂರ್ವಿಕ ಭೂಹಕ್ಕನ್ನು ಒಂದಿಷ್ಟು ಜಮೀನು, ಹಣ ಕೊಟ್ಟು ಚುಕ್ತಾ ಮಾಡಲಾಯಿತು. 1977ರ ಹೊತ್ತಿಗೆ ಅದೇ ಹೆಪ್ಪುನೆಲದ ಮೇಲೆ 800 ಮೈಲಿ ಉದ್ದದ ಕೊಳವೆಯಲ್ಲಿ ಎಣ್ಣೆ ಹರಿಯತೊಡಗಿತು. ನೆಲ ಕರಗದಿರಲಿ ಅಂತ ಅರ್ಧಕ್ಕಿಂತ ಹೆಚ್ಚು ದೂರ ಅದನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಎಣ್ಣೆಗೆ ಗಿಟ್ಟಿದ ನೆಲ ನೀರಿಗೆ ಗಿಟ್ಟುವುದಿಲ್ಲ. ಗಿಟ್ಟುವುದು ಅಂದರೆ ಯಾರಿಗೆ?

"ಅಂಥ ಕಡೆ ಯಾಕಪ್ಪ ಇರಬೇಕು? ಪಟ್ಟಣಕ್ಕೆ ಬರಲಿ" ಅನ್ನುವ ಬುದ್ಧಿವಂತರು ಎಲ್ಲ ದೇಶದಲ್ಲೂ ಇದ್ದಾರೆ. ಈ ಜನ ಮೀನು, ಸೀಲು, ಹಿಮಸಾರಂಗದ ಹಿಂದೆ ಋತುವಿಗೊಂದು ನೆಲೆಯಲ್ಲಿ ಬದುಕುತ್ತಿದ್ದವರು. ಸರ್ಕಾರ, ಮಿಷನರಿಗಳು ಶಾಲೆ ಕಟ್ಟಿ ಒಂದು ಕಡೆ ಕೂರಿಸಿದರು. ನ್ಯೂಟಾಕ್ ಅನ್ನುವ ಊರಿನ ಜಾಗ ಗೊತ್ತಾದದ್ದು ಸರಕಿನ ದೋಣಿ ಅಲ್ಲಿಯವರೆಗೆ ಬರಬಹುದು ಅನ್ನುವ ಕಾರಣಕ್ಕೆ. ನೆಲ ಕರಗಿ, ನದಿ ಕೊರೆದು, ಕೊನೆಗೆ 2024ರಲ್ಲಿ ಇಡೀ ಊರೇ ಎದ್ದುಹೋಗಬೇಕಾಯಿತು. ಕೂರಿಸಿದವರೇ ಇವತ್ತು ಯಾಕೆ ಕೂತಿದ್ದೀರಿ ಅಂತ ಕೇಳಿದರೆ ಏನು ಹೇಳೋದು?

2021ರಲ್ಲಿ ಅಮೆರಿಕದ ಸಂಸತ್ತು ಈ ಕೆಲಸಕ್ಕೆ 350 ಕೋಟಿ ಡಾಲರ್ ಎತ್ತಿಟ್ಟಿತು. ಅದರಲ್ಲಿ ದೊಡ್ಡ ಪಾಲು 'ಗಿಟ್ಟದ' ಯೋಜನೆಗಳಿಗೇ ಮೀಸಲು. ಅಸಾಧ್ಯ ಅನ್ನುತ್ತಿದ್ದದ್ದು ಒಂದು ಕಾಯಿದೆಗೆ ಸಾಧ್ಯವಾಯಿತು. ಪೈಪು ಬಂದ ಮೇಲೆ ಅದನ್ನು ನಡೆಸುವ ಖರ್ಚು ಬಡ ಊರಿನ ತಲೆಗೇ ಬೀಳುತ್ತದೆ, ಅದು ಬೇರೆ ತಕರಾರು.

ಒಂದು ವ್ಯತ್ಯಾಸವನ್ನು ಗೆಳೆಯರು ಗಮನಿಸಬೇಕು. ಅಲ್ಲಿ ಆ ಬಕೆಟ್ಟು ಹೊರುವುದಕ್ಕೆ ಒಂದು ಜಾತಿ ಇಲ್ಲ. ಅವರವರದ್ದು ಅವರವರೇ ಹೊರುತ್ತಾರೆ. ನಮ್ಮ ಪಟ್ಟಣಗಳಿಗೆ ಬಕೆಟ್ಟು ಕಕ್ಕಸು ಅಷ್ಟು ಕಾಲ 'ಗಿಟ್ಟಿದ್ದು' ಯಾಕೆ? ಹೊರೋದಕ್ಕೆ ಭಂಗಿಗಳ ತಲೆ ಅಗ್ಗವಾಗಿ ಸಿಕ್ಕಿದ್ದರಿಂದ. ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಆದರೂ 2010ರಲ್ಲಿ ಸವಣೂರಿನ ಭಂಗಿಗಳು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಲ್ಲಬೇಕಾಯಿತು. ಇಲ್ಲಿ ಒಂದು ಜಾತಿಯ ತಲೆಗೆ ಹೊರಿಸಿದರು. ಅಲ್ಲಿ ಒಂದು ಜನಾಂಗವನ್ನೇ ಅದರ ಜೊತೆ ಬಿಟ್ಟು ಬಂದರು. ಯಾವುದು ಮೇಲು ಅಂತ ತೂಗಲು ನಾವು ಕೂತಿಲ್ಲ.

ಇದು ಬರೀ ಚಳಿಯ ಕಷ್ಟವೂ ಅಲ್ಲ. ಅದೇ ದೇಶದ ನೈಋತ್ಯದಲ್ಲಿ, ಒಣ ನೆಲದಲ್ಲಿ, ನವಾಹೊ ಜನರಿದ್ದಾರೆ. ಅವರ ನೆಲದಿಂದ 1944ರಿಂದ 1986ರವರೆಗೆ ಸುಮಾರು ಮೂರು ಕೋಟಿ ಟನ್ ಯುರೇನಿಯಂ ಅದಿರು ತೆಗೆದರು. ಬಿಟ್ಟುಹೋದ ಗಣಿಗಳು ಐನೂರಕ್ಕೂ ಹೆಚ್ಚು. ಸಾವಿರಾರು ಮನೆಗಳಿಗೆ ಕೊಳಾಯಿ ಮಾತ್ರ ಬರಲಿಲ್ಲ. ಮೈಲಿಗಟ್ಟಲೆ ಹೋಗಿ ಡ್ರಮ್ಮಿನಲ್ಲಿ ತರಬೇಕು. 2020ರಲ್ಲಿ ಕೊರೋನಾ ಬಂದಾಗ ಕೈ ತೊಳೆಯಿರಿ, ಕೈ ತೊಳೆಯಿರಿ ಅಂತ ಲೋಕವೆಲ್ಲ ಕೂಗಿತು. ಆ ಮೇ ತಿಂಗಳಲ್ಲಿ ಅವರಲ್ಲಿ ತಲಾವಾರು ಸೋಂಕು ನ್ಯೂಯಾರ್ಕ್ ರಾಜ್ಯವನ್ನೂ ಮೀರಿತು.

ಅವರು ಕೇಳಿದ್ದು ಧರ್ಮವನ್ನಲ್ಲ, ಸಾಲವನ್ನು. 1868ರ ಒಪ್ಪಂದದಲ್ಲಿ ಸರ್ಕಾರ ಅವರಿಗೆ ಕಾಯಂ ನೆಲೆ ಅಂತ ಬರೆದುಕೊಟ್ಟಿದೆ. ನೀರಿಲ್ಲದ ನೆಲೆ ಎಂಥ ನೆಲೆ? ನಮ್ಮ ಪಾಲಿನ ನೀರೆಷ್ಟು ಲೆಕ್ಕ ಹಾಕಿ, ಅದು ಸಿಗುವ ದಾರಿ ಮಾಡಿ ಅಂತ ಕೋರ್ಟಿಗೆ ಹೋದರು. 2023ರ ಜೂನಿನಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಲ್ಲಿ, ಅಂಥ ಕ್ರಮ ಕೈಗೊಳ್ಳಲೇಬೇಕೆಂದು ಒಪ್ಪಂದ ಹೇಳಿಲ್ಲ ಅಂದಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಗೋರ್ಸಚ್ ಅವರ ಪಾಡನ್ನು ವಾಹನ ನೋಂದಣಿ ಕಚೇರಿಯ ಸಾಲಿನಲ್ಲಿ ನಿಂತವರ ಪಾಡಿಗೆ ಹೋಲಿಸಿದರು. ಗಂಟೆಗಟ್ಟಲೆ ನಿಂತು ಕಿಟಕಿ ಮುಟ್ಟಿದಾಗ, ಇದು ನಿಮ್ಮ ಸಾಲಲ್ಲ, ಆ ಕಡೆ ಹೋಗಿ ಅಂತಾರೆ. ತಾಲ್ಲೂಕು ಕಚೇರಿ ಕಂಡ ನಮ್ಮ ಓದುಗರಿಗೆ ಆ ಕಿಟಕಿಯನ್ನು ವಿವರಿಸಬೇಕಾಗಿಲ್ಲ.